ಬಾಡಿಗೆ ಕ್ಯಾಂಪರ್ರೋ ನಮ್ಮ ಹಳೇ ಸುಬಾರುನೋ: ಯೂಕಾನ್, ಅಲಾಸ್ಕಾ ಎರಡು ಸಲ ಸುತ್ತಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಹಳೇ ಸುಬಾರುಗೆ. 2014ರ ಔಟ್‌ಬ್ಯಾಕ್ ಕಾರು, ಎಡಗಡೆ ಬಾಗಿಲು ಸೊಟ್ಟ, ಎಸಿ ಮನಸ್ಸು ಬಂದ್ರೆ ಕೆಲಸ ಮಾಡುತ್ತೆ ಇಲ್ಲಾಂದ್ರೆ ಇಲ್ಲ. 2024ರ ಜುಲೈನಲ್ಲಿ ನಾನು, ನಮ್ಮನೆಯವರು ಅದನ್ನೇ ತಗೊಂಡು ಸಿಯಾಟಲ್‌ನಿಂದ ಕೆನಡಾದ ವಾಯವ್ಯ ಮೂಲೆಯ ಯೂಕಾನ್, ಅದ್ರ ಪಕ್ಕದ ಅಲಾಸ್ಕಾ ಸುತ್ತಿ ಬಂದ್ವಿ. ಅದ್ರ ಹಿಂದಿನ ವರ್ಷ ಅದೇ ಕಡೆಗೆ ಬಾಡಿಗೆ ಕ್ಯಾಂಪರ್‌ನಲ್ಲಿ, ಅಂದ್ರೆ ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಮನೆಯಂಥ ಗಾಡಿಯಲ್ಲಿ, ಹೋಗಿ ಕೈ ಸುಟ್ಕೊಂಡಿದ್ವಿ. ಎರಡೂ ನೋಡಿರೋದ್ರಿಂದ ಯಾರಾದ್ರೂ ಕೇಳಿದಾಗಲೆಲ್ಲ ಅರ್ಧ ಗಂಟೆ ಫೋನಲ್ಲಿ ಹೇಳೋ ಬದ್ಲು ಇಲ್ಲೇ ಬರೆದು ಹಾಕ್ತಿದೀನಿ.

ನಾವು ಹೋಗೋ ರೀತಿ ಹೇಗೆ ಅಂದ್ರೆ, ರಾತ್ರಿ ಎಲ್ಲಿ ಉಳ್ಕೋತೀವಿ ಅನ್ನೋದು ಮಧ್ಯಾಹ್ನ ನಾಲ್ಕು ಗಂಟೆಗೆ ಗೊತ್ತಾಗ್ಬೇಕು, ಅದಕ್ಕಿಂತ ಮುಂಚೆ ಗೊತ್ತಾದ್ರೆ ನಮ್ಮನೆಯವರಿಗೆ ನಿದ್ದೆ ಬರಲ್ಲ. ಯೂಕಾನ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗೆ ಹೋಗಿ ಖಾಲಿ ಜಾಗದಲ್ಲಿ ಗಾಡಿ ನಿಲ್ಸಿ, ಕವರ್‌ನಲ್ಲಿ ದುಡ್ಡು ಹಾಕಿ ಡಬ್ಬಕ್ಕೆ ಬಿಟ್ರೆ ಆಯ್ತು, ಸೌದೆ ಫ್ರೀ. ನಿಮಗೆ ಹೋಟೆಲ್ ಎಲ್ಲ ಬುಕ್ ಆಗಿದ್ರೇನೇ ಸಮಾಧಾನ ಅಂದ್ರೆ ಮುಂದೆ ಓದೋದೇ ಬೇಡ, ಕ್ರೂಸ್‌ನಲ್ಲಿ ಹೋಗಿ, ಚೆನ್ನಾಗಿರುತ್ತೆ.

2023ರಲ್ಲಿ ಅರಸೀಕೆರೆಯಿಂದ ಅಮ್ಮ, ಅಪ್ಪ ಬಂದಿದ್ರು. ಸಿಯಾಟಲ್‌ನಿಂದ ಯೂಕಾನ್ ರಾಜಧಾನಿ ವೈಟ್‌ಹಾರ್ಸ್‌ಗೆ ಎರಡೂವರೆ ಸಾವಿರ ಕಿಲೋಮೀಟರ್ ಮೇಲಿದೆ, ಅವರಿಬ್ಬರನ್ನ ಅಷ್ಟು ದೂರ ಕಾರಲ್ಲಿ ಕೂರಿಸೋಕೆ ಆಗಲ್ಲ ಅಂತ ನಾಲ್ಕೂ ಜನ ವೈಟ್‌ಹಾರ್ಸ್‌ಗೆ ಫ್ಲೈಟ್‌ನಲ್ಲಿ ಹೋಗಿ, ಅಲ್ಲಿ ಹತ್ತು ದಿನಕ್ಕೆ 25 ಅಡಿಯ ಕ್ಯಾಂಪರ್ ಬಾಡಿಗೆಗೆ ತಗೊಂಡ್ವಿ. ಹಾಸಿಗೆ, ಹೀಟರ್, ಫ್ರಿಜ್, ಬಾತ್ರೂಮ್, ಎಲ್ಲ ಇತ್ತು. ಅಮ್ಮ ಅಂತೂ ಎರಡನೇ ದಿನವೇ ಒಗ್ಗರಣೆ ಡಬ್ಬಿ ಜೋಡಿಸಿಟ್ಟು "ಒಳ್ಳೆ ಬಸ್ಸಲ್ಲಿ ಸಂಸಾರ ಹೂಡ್ದಂಗಿದೆ ಕಣೇ" ಅಂತ ಖುಷಿಯಾಗಿದ್ರು. ಸೌಕರ್ಯದ ವಿಷಯಕ್ಕೆ ಇಷ್ಟು ಸಾಕು, ಅಲ್ಲಿ ಸುಬಾರು ಪೈಪೋಟಿಗೇ ನಿಲ್ಲಲ್ಲ.

ತೊಂದರೆ ಶುರುವಾಗಿದ್ದು ಕರಾರು ಪತ್ರದಿಂದ. ಹನ್ನೊಂದು ಪುಟ ಇತ್ತು, ಹಿಂದೆ ಇನ್ನೂ ಎರಡು ಕುಟುಂಬ ಕಾಯ್ತಿದ್ರು, ನಾನು ಬಾನೆಟ್ ಮೇಲಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕ್ಬಿಟ್ಟೆ. ಅದ್ರಲ್ಲಿ ಒಂದು ಸಾಲು, ಡಾಂಬರಿಲ್ಲದ ರಸ್ತೆಗೆ ಗಾಡಿ ಇಳಿಸಂಗಿಲ್ಲ, ಇಳಿಸಿದ್ರೆ ಇನ್ಶೂರೆನ್ಸ್ ಇಲ್ಲ, ದಂಡ ಬೇರೆ. ಈ ಸಾಲು ನನಗೆ ಕಂಡಿದ್ದು 530 ಕಿಲೋಮೀಟರ್ ಆದ್ಮೇಲೆ, ಡಾಸನ್ ಸಿಟಿಯಲ್ಲಿ.

ಡಾಸನ್‌ನಲ್ಲಿ ಏನಾಗುತ್ತೆ ಅಂದ್ರೆ ರಸ್ತೆ ನೇರವಾಗಿ ಯೂಕಾನ್ ನದಿಗೆ ಬಂದು ಮುಗಿದುಹೋಗುತ್ತೆ. ಸೇತುವೆ ಇಲ್ಲ. ಬೇಸಿಗೆಯಲ್ಲಿ ಜಾರ್ಜ್ ಬ್ಲ್ಯಾಕ್ ಅಂತ ಒಂದು ಫೆರಿ ಹಗಲೂ ರಾತ್ರಿ ಆಚೆ ಈಚೆ ಓಡಾಡ್ತಾ ಇರುತ್ತೆ, ಟಿಕೆಟ್ಟೇ ಇಲ್ಲ, ಫ್ರೀ. ಜೆಟ್ಟಿ ಗಿಟ್ಟಿ ಏನೂ ಇಲ್ಲ, ಮೂತಿ ತಂದು ಜಲ್ಲಿ ದಡಕ್ಕೆ ಒತ್ತುತ್ತೆ, ಕಬ್ಬಿಣದ ಹಲಗೆ ಧಡ್ ಅಂತ ಬೀಳುತ್ತೆ, ಗಾಡಿಗಳು ಇಳೀತವೆ ಹತ್ತುತವೆ, ಮತ್ತೆ ಸೆಳವಿಗೆ ಎದುರಾಗಿ ಓರೆಯಾಗಿ ಹೊರಡುತ್ತೆ. ನೀರು ಬೂದಿ ಬಣ್ಣ. ಗ್ಲೇಸಿಯರ್ ಅರೆದ ಹಿಟ್ಟು ಮರಳು ಅದ್ರಲ್ಲಿ ತುಂಬಿರೋದ್ರಿಂದ ದಡದಲ್ಲಿ ಸುಮ್ನೆ ನಿಂತು ಕೇಳಿಸ್ಕೊಂಡ್ರೆ ನೀರು ಸೊರ್ ಅಂತ ಉಜ್ಜೋ ಸದ್ದು ಬರುತ್ತೆ, ಬಿಸಿ ಕಾವಲಿ ಮೇಲೆ ನೀರು ಚಿಮುಕಿಸಿದಂಗೆ. ಅಪ್ಪ ನೋಡಿದ ತಕ್ಷಣ "ಇದು ನಮ್ಮ ಸಿಗಂದೂರು ಲಾಂಚಲ್ವೇನೆ" ಅಂದ್ರು. ಹೌದು, ಅದೇ ಲಾಂಚು, ನೀರು ಮಾತ್ರ ಹರಿಯುತ್ತೆ.

ಆ ದಡದಿಂದ ಶುರುವಾಗೋದು ಟಾಪ್ ಆಫ್ ದಿ ವರ್ಲ್ಡ್ ಹೈವೇ, ಬೆಟ್ಟದ ನೆತ್ತಿ ಮೇಲೆ 106 ಕಿಲೋಮೀಟರ್ ಹೋದ್ರೆ ಅಲಾಸ್ಕಾ ಗಡಿ. ಹೋಗೋಣ ಅಂತ ನಾಲ್ಕೂ ಜನಕ್ಕೆ ಆಸೆ ಬಂತು, ನಮ್ಮನೆಯವರು ಯಾವುದಕ್ಕೂ ಕೇಳೋಣ ಅಂತ ಬಾಡಿಗೆಯವರಿಗೆ ಫೋನ್ ಮಾಡಿದ್ರು. ಆಗ ಹೊರಗೆ ಬಂತು ಆ ಸಾಲು. ಸರಿ ಆಚೆ ದಡದಲ್ಲೇ ಇರೋ ಕ್ಯಾಂಪ್‌ಗ್ರೌಂಡ್‌ಗಾದ್ರೂ ಹೋಗ್ತೀವಿ ಅಂದ್ರೆ, ಗಾಡೀನ ಫೆರಿ ಹತ್ತಿಸೋಕೆ ಮುಂಚೆನೇ ಬರವಣಿಗೆಯಲ್ಲಿ ಒಪ್ಪಿಗೆ ತಗೋಬೇಕಿತ್ತು ಅಂದ್ರು! ದಿನಕ್ಕೆ 270 ಕೆನಡಾ ಡಾಲರ್ ಕೊಟ್ಟು, ಕಿಲೋಮೀಟರ್‌ಗೆ ಬೇರೆ ಕೊಟ್ಟು, ಐದು ನಿಮಿಷದ ಲಾಂಚ್ ಹತ್ತಂಗಿಲ್ಲ. ಅಪ್ಪ "ದುಡ್ಡು ಕೊಟ್ಟಿರೋದು ನಾವು, ಯಜಮಾನ್ರು ಅವ್ರು" ಅಂತ ಗೊಣಗಿಕೊಂಡು ಕಾಲ್ನಡಿಗೆಯವರ ಜೊತೆ ಹತ್ತಿ ಮೂರು ಸಲ ಆಚೆ ಈಚೆ ಹೋಗಿ ಬಂದ್ರು. ಫ್ರೀ ಅಲ್ವಾ. ನಾನು ದಡದಲ್ಲಿ ಕ್ಯಾಂಪರ್ ಮೆಟ್ಟಿಲ ಮೇಲೆ ಕೂತು ಹನ್ನೊಂದೂ ಪುಟ ಓದಿದೆ.

ಆಮೇಲೆ ಅದೇ 530 ಕಿಲೋಮೀಟರ್ ವಾಪಸ್. ಅಲ್ಲಿಂದ ಹೇಯ್ನ್ಸ್‌ಗೆ ಇಳಿದ್ವಿ. ಹೇಯ್ನ್ಸ್, ಸ್ಕ್ಯಾಗ್‌ವೇ ಎರಡೂ ಒಂದೇ ಕಡಲ ತೋಳಿನ ಮೇಲಿರೋ ಅಲಾಸ್ಕಾದ ಊರುಗಳು. ನೀರಲ್ಲಿ ಹದಿನೈದು ಮೈಲಿ ಆಸುಪಾಸು, ಫೆರಿಯಲ್ಲಿ ಒಂದು ಗಂಟೆ. ರಸ್ತೆಯಲ್ಲಿ ಹೋಗ್ಬೇಕಂದ್ರೆ ಕೆನಡಾ ಒಳಗೆ ಹೋಗಿ ವೈಟ್‌ಹಾರ್ಸ್ ಮುಟ್ಟಿ ಮತ್ತೆ ಕೆಳಗೆ ಇಳೀಬೇಕು, ಐನೂರೈವತ್ತು ಕಿಲೋಮೀಟರ್‌ಗೂ ಜಾಸ್ತಿ. ಅದಕ್ಕೇ ಈ ಫೆರಿ ಅಷ್ಟು ಮುಖ್ಯ. ಅಲಾಸ್ಕಾ ಸರ್ಕಾರ ಈ ಹಡಗಿನ ದಾರಿಗೆ ಹೈವೇ ಅಂತಲೇ ಹೆಸರಿಟ್ಟಿದೆ, 1963ರಿಂದ ಓಡ್ತಿದೆ. ಟಿಕೆಟ್ ಕೇಳೋಕೆ ಹೋದ್ರೆ ಮೊದಲ ಪ್ರಶ್ನೆ ಗಾಡಿ ಎಷ್ಟು ಉದ್ದ. ದರಾನೂ ಉದ್ದದ ಲೆಕ್ಕದಲ್ಲೇ. ನಮ್ದು 25 ಅಡಿ, ಅಷ್ಟುದ್ದದ ಜಾಗ ಖಾಲಿ ಆಗೋದು ಮೂರನೇ ದಿನ, ಕ್ಯಾಂಪರ್ ವಾಪಸ್ ಕೊಡಬೇಕಾಗಿದ್ದು ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ. ಬುಕ್ ಮಾಡ್ದೆ ಹೋಗಿದ್ದು ನಾವು, ಹಡಗಿನವರ ತಪ್ಪೇನಿಲ್ಲ. ನಾಲ್ಕೂ ಜನ ಹಡಗಿನ ಹಿಂಭಾಗ ನೋಡ್ಕೊಂಡು ನಿಂತು, ಬಂದ ದಾರೀಲೇ 400 ಕಿಲೋಮೀಟರ್ ವಾಪಸ್ ಹೋದ್ವಿ. ಸ್ಕ್ಯಾಗ್‌ವೇ ನೋಡ್ಲೇ ಇಲ್ಲ. ಕೊನೆಗೆ ಗಾಜಲ್ಲಿ ಒಂದು ಸಾಸಿವೆ ಕಾಳಿನಷ್ಟು ಚಿಪ್ಪೆದ್ದಿದೆ ಅಂತ ಡಿಪಾಸಿಟ್‌ನಲ್ಲೂ ಮುರ್ಕೊಂಡ್ರು.

ಈಗ ಸುಬಾರು. ಹಿಂದಿನ ಸೀಟು ಮಡಚಿ, ಮುಕ್ಕಾಲು ಇಂಚು ಪ್ಲೈವುಡ್ ಕತ್ತರಿಸಿ, ಅದ್ರ ಮೇಲೆ ಫೋಮ್ ಹಾಕಿದ್ವಿ. ಅಲ್ಲಿ ಜುಲೈನಲ್ಲಿ ರಾತ್ರಿ ಹನ್ನೊಂದಕ್ಕೂ ಬೆಳಕು, ಕಿಟಕಿಗೆ ನನ್ನ ಹಳೇ ಕಾಟನ್ ಸೀರೆ ಎರಡಾಗಿ ಹರಿದು ಕ್ಲಿಪ್ ಹಾಕಿದೆ. ಸೊಳ್ಳೆ ಪರದೆ ಕೂಡ ಮನೆಯಲ್ಲೇ ಹೊಲ್ಕೊಂಡಿದ್ದು. ಖರ್ಚು ನೂರೈವತ್ತು ಡಾಲರ್ ಒಳಗೆ.

ಹೋಗೋವಾಗ ಕ್ಯಾಸಿಯಾರ್ ಹೈವೇ ಹಿಡಿದ್ವಿ, ಕಿಟ್ವಾಂಗಾ ಬಿಟ್ಮೇಲೆ ಏಳುನೂರು ಚಿಲ್ಲರೆ ಕಿಲೋಮೀಟರ್ ಕಾಡು, ಬಂಕ್ ಕಂಡ ಕಡೆಯೆಲ್ಲ ಪೆಟ್ರೋಲ್ ತುಂಬಿಸ್ತಾ ಹೋಗಿ, ಅರ್ಧ ಟ್ಯಾಂಕ್ ಇದೆಯಲ್ಲ ಅಂತ ಧೈರ್ಯ ಮಾಡ್ಬೇಡಿ. ಅದು ಅಲಾಸ್ಕಾ ಹೈವೇಗೆ ಸೇರೋ ಕಡೆ ಎಡಕ್ಕೆ ತಿರುಗ್ಬೇಕಿತ್ತು, ಬಲಕ್ಕೆ ತಿರುಗಿ ವಾಟ್ಸನ್ ಲೇಕ್‌ಗೆ ಹೋದ್ವಿ, ಯಾಕಂದ್ರೆ ಅಲ್ಲಿ ಊರ ಬೋರ್ಡುಗಳ ಒಂದು ಕಾಡೇ ಇದೆ. 1942ರಲ್ಲಿ ಈ ಹೈವೇ ಕಟ್ಟೋವಾಗ ಮನೆ ನೆನಪಾದ ಒಬ್ಬ ಅಮೆರಿಕನ್ ಸೈನಿಕ ತನ್ನೂರಿನ ಹೆಸರು, ದೂರ ಬರೆದು ಹೊಡೆದಿದ್ದಂತೆ, ಅದಾದ್ಮೇಲೆ ಬಂದವರೆಲ್ಲ ಹೊಡೀತಾ ಹೋಗಿ ಈಗ ಸಾವಿರಾರು. ನಮ್ಮನೆಯವರು ಮಿಕ್ಕಿದ ಪ್ಲೈವುಡ್ ತುಂಡಿನ ಮೇಲೆ ಕನ್ನಡದಲ್ಲಿ ಅರಸೀಕೆರೆ ಅಂತ ಬರೆದು ಮೊಳೆ ಹೊಡೆದ್ರು. ನೆಟ್ಟಗೆ ಹೊಡೀಲಿಲ್ಲ, ಬಲಕ್ಕೆ ವಾಲಿದೆ.

ಡಾಸನ್‌ನಲ್ಲಿ ಫೆರಿಗೆ ದೊಡ್ಡ ಕ್ಯಾಂಪರ್‌ಗಳ ಸಾಲು ಇತ್ತು. ನಾವು ಏಳನೆಯವ್ರೋ ಎಂಟನೆಯವ್ರೋ. ಎರಡು ದೊಡ್ಡವು ಹತ್ತಿದ ಮೇಲೆ ಪಕ್ಕದಲ್ಲಿ ಒಂದು ಕಾರಿನಷ್ಟು ಸಂದಿ ಉಳೀತು, ಡೆಕ್ಕಿನವನು ಸಾಲು ಉದ್ದಕ್ಕೂ ನೋಡಿ ನಮ್ಮ ಕಡೆ ಬೆರಳು ತೋರಿಸಿ ಬಾ ಅಂದ. ಅವನ ಕಿತ್ತಳೆ ಕೋಟಿನ ತೋಳಿಗೂ ನಮ್ಮ ಕನ್ನಡಿಗೂ ನಾಲ್ಕು ಬೆರಳು ಜಾಗ. ಹೋದ ವರ್ಷ ಮೂರು ಸಲ ನಡ್ಕೊಂಡು ಹತ್ತಿದ ಅಪ್ಪನಿಗೆ ಅಲ್ಲಿಂದಲೇ ವಿಡಿಯೋ ಕಳಿಸಿದೆ.

ಆಚೆ ಕಡೆ ರಸ್ತೆ ಮಳೆಯಲ್ಲಿ ಸಾಬೂನಿನ ಹಾಗೆ ಜಾರ್ತಿತ್ತು, ಗಂಟೆಗೆ ನಲವತ್ತು ಕಿಲೋಮೀಟರ್ ಮೇಲೆ ಹೋಗಕ್ಕಾಗ್ಲಿಲ್ಲ. ಒಂದು ಎಚ್ಚರಿಕೆ, ಆ ಗಡಿ ರಾತ್ರಿ ಮುಚ್ತಾರೆ, ಚಳಿಗಾಲದಲ್ಲಂತೂ ಪೂರ್ತಿ ಬಂದ್, ಮೇಲಾಗಿ ಬೇಸಿಗೆಯಲ್ಲಿ ಯೂಕಾನ್ ಗಡಿಯಾರ ಅಲಾಸ್ಕಾಗಿಂತ ಒಂದು ಗಂಟೆ ಮುಂದೆ, ಯಾವ ಕಡೆಯ ಟೈಮು ಅಂತ ನೋಡ್ಕೊಂಡು ಹೋಗಿ. ಈ ಇಡೀ ಸುತ್ತಲ್ಲಿ ನಾವು ಗಡಿ ದಾಟಿದ್ದು ಆರು ಸಲ, ಇಂಡಿಯಾ ಪಾಸ್‌ಪೋರ್ಟ್ ಇದ್ರೆ ಕೆನಡಾ ವೀಸಾ ಮೊದಲು ಮಾಡಿಸ್ಕೊಳ್ಳಿ, ಮಿಕ್ಕಿದ್ದೆಲ್ಲ ಪ್ಲಾನ್ ಇಲ್ದೆ ಆಗುತ್ತೆ, ಇದೊಂದು ಆಗಲ್ಲ. ಅಧಿಕಾರಿ ನಿಂಬೆಹಣ್ಣು, ಕರಿಬೇವು ಎರಡನ್ನೂ ಇಸ್ಕೊಂಡ. ಕರಿಬೇವನ್ನ ಮೂಸಿ ನೋಡಿ ಇದೇನು ಅಂತ ಕೇಳಿದ, ಹೇಳಿದೆ, ಚೆನ್ನಾಗಿದೆ ಅಂತ ಹೇಳಿ ಡಬ್ಬಕ್ಕೆ ಹಾಕಿದ. ಅಲ್ಲಿಂದ ಮುಂದೆ ಬರೀ ಸಾಸಿವೆ ಒಗ್ಗರಣೆ.

ಮತ್ತೆ ಯೂಕಾನ್‌ಗೆ ಬಂದ್ರೆ ಕ್ಲುವಾನೆ ಸರೋವರದ ಹತ್ರ ಕಾಂಗ್ಡನ್ ಕ್ರೀಕ್ ಅಂತ ಕ್ಯಾಂಪ್‌ಗ್ರೌಂಡ್ ಇದೆ, ಬೆರ್ರಿ ಹಣ್ಣಾಗೋ ಕಾಲದಲ್ಲಿ ಗ್ರಿಜ್ಲಿ ಕರಡಿ ಬರುತ್ತೆ ಅಂತ ಟೆಂಟ್ ಇರೋರಿಗೆ ಕರೆಂಟ್ ಬೇಲಿ ಒಳಗೆ ಮಾತ್ರ ಜಾಗ. ಕಾರೊಳಗೆ ಮಲಗೋರಿಗೆ ಈ ತಲೆಬಿಸಿ ಇಲ್ಲ, ಹಾಗಾಗಿ ಟೆಂಟ್‌ಗಿಂತ ಪ್ಲೈವುಡ್ ವಾಸಿ.

ಹೇಯ್ನ್ಸ್‌ನಲ್ಲಿ ಮತ್ತೆ ಅದೇ ಕೌಂಟರ್, ಅದೇ ಪ್ರಶ್ನೆ. ಈ ಸಲ ಹದಿನಾರು ಅಡಿ ಅಂದೆ, ಮಾರನೇ ದಿನಕ್ಕೆ ಟಿಕೆಟ್ ಸಿಕ್ತು. ಒಂದು ವೇಳೆ ಸಿಗದಿದ್ರೂ ಇನ್ನೆರಡು ದಿನ ಚಿಲ್ಕೂಟ್ ಹೊಳೆ ಹತ್ರ ಕರಡಿ ನೋಡ್ಕೊಂಡು ಇರ್ತಿದ್ವಿ, ಕಾರು ವಾಪಸ್ ಕೊಡಿ ಅಂತ ಯಾರೂ ಕಾಯ್ತಿರ್ಲಿಲ್ಲ. ನನಗೆ ಎರಡಕ್ಕೂ ಇರೋ ವ್ಯತ್ಯಾಸ ಇಷ್ಟೇ.

ಸುಬಾರು ಕಷ್ಟಗಳೂ ಇವೆ. ಹೋಗೋಕೆ ನಾಲ್ಕು ದಿನ, ಬರೋಕೆ ನಾಲ್ಕು ದಿನ, ಮೂರು ವಾರ ರಜ ಇಲ್ದಿದ್ರೆ ಸುಮ್ನಿರಿ. ರಾತ್ರಿ ಬಾತ್ರೂಮ್‌ಗೆ ಹೋಗ್ಬೇಕಂದ್ರೆ ಒಬ್ಬರ ಮೇಲೊಬ್ಬರು ಹಾರಿ ಹೋಗಬೇಕು, ಹೊರಗೆ ಸೊಳ್ಳೆ. ಮಳೆ ಬಂದ ದಿನ ಅಡುಗೆ ಇಲ್ಲ, ಚಟ್ನಿಪುಡಿ ಬ್ರೆಡ್ಡು. ಅಲಾಸ್ಕಾದ ಟಾಕ್ ಊರಿನ ಹತ್ರ ಎದುರಿಂದ ಬಂದ ಲಾರಿ ಕಲ್ಲು ಹಾರಿಸಿ ಮುಂದಿನ ಗಾಜು ಒಂದು ಗೇಣು ಬಿರುಕು ಬಿಡ್ತು, ಮನೆಗೆ ಬರೋಷ್ಟರಲ್ಲಿ ಎರಡು ಗೇಣು. ಹೊಸ ಗಾಜಿಗೆ 400 ಡಾಲರ್. ಅದನ್ನ ಸೇರಿಸಿದ್ರೂ, ಪೆಟ್ರೋಲ್, ಫೆರಿ, ಕ್ಯಾಂಪ್ ಎಲ್ಲ ಸೇರಿ ಮೂರು ವಾರಕ್ಕೆ ಆಗಿದ್ದು ಆ ಕ್ಯಾಂಪರ್‌ನ ಹತ್ತು ದಿನದ ಬಾಡಿಗೆಗಿಂತ ಕಮ್ಮಿ.

ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಕ್ಕಳು ಇದ್ರೆ ಕ್ಯಾಂಪರ್ ತಗೊಳ್ಳಿ, ಆದ್ರೆ 20 ಅಡಿ ಒಳಗಿಂದು ತಗೊಳ್ಳಿ, ಹೇಯ್ನ್ಸ್ ಫೆರಿ ಮುಂಚೆನೇ ಬುಕ್ ಮಾಡಿ, ಜಲ್ಲಿ ರಸ್ತೆ ಸಾಲು ಸಹಿ ಹಾಕೋ ಮುಂಚೆ ಹುಡುಕಿ. ಸಿಯಾಟಲ್‌ನ ಉತ್ತರಕ್ಕಿರೋ ಬೆಲಿಂಗ್‌ಹ್ಯಾಮ್‌ನಿಂದಲೇ ಕಾರು ಅಲಾಸ್ಕಾ ಹಡಗಿಗೆ ಹತ್ತಿಸಿ, ಡೆಕ್ ಮೇಲೆ ಟೆಂಟ್‌ನ ಟೇಪಲ್ಲಿ ಅಂಟಿಸ್ಕೊಂಡು ಮಲ್ಕೊಂಡು ಹೋಗೋರೂ ಇದಾರೆ, ಅದು ನಾನು ಮಾಡಿಲ್ಲ.

ಮುಂದಿನ ಸಲ ಅಪ್ಪ ಬಂದಾಗ ಕಾರಲ್ಲೇ ಹೋಗೋಣ ಅಂತಿದಾರೆ, ಪ್ಲೈವುಡ್ ಎಷ್ಟು ಉದ್ದ ಇದೆ ಅಳತೆ ಮಾಡಿ ಹೇಳು ಅಂತ ನಿನ್ನೆ ಫೋನಲ್ಲಿ ಕೇಳಿದ್ರು. ಅಮ್ಮ ಹಿಂದಿನಿಂದ "ನಾನು ಬರಲ್ಲ" ಅಂತ ಕೂಗಿದ್ದೂ ಕೇಳಿಸ್ತು.