ಹೇಮಾವತಿ ಹಿನ್ನೀರಿನ ಫಿಶಿಂಗ್ ಪ್ಯಾಕೇಜ್: ಊಟಕ್ಕೆ ಫುಲ್ ಮಾರ್ಕ್ಸ್, ಗಾಳದ ರಾಡ್‌ಗೆ ಸೊನ್ನೆ

ಹಾಸನದ ಕಡೆ, ಗೊರೂರು ಅಣೆಕಟ್ಟೆಯ ಹಿನ್ನೀರಿನ ಹತ್ತಿರ ಇರುವ ಒಂದು ಹೋಂಸ್ಟೇಯವರು ವೀಕೆಂಡ್‌ಗೆ ಗಾಳ ಹಾಕುವ ಪ್ಯಾಕೇಜ್ ಕೊಡುತ್ತಾರೆ. ಹೆಸರು ಹೇಳುವುದಿಲ್ಲ, ಬೈಗುಳ ಸ್ವಲ್ಪ ಜಾಸ್ತಿಯೇ ಇದೆ. ಹಾಗಂತ ದುಡ್ಡು ದಂಡ ಅಂತಲೂ ಅಲ್ಲ. ಆ ದುಡ್ಡು ರಾಡಿಗೂ ಅಲ್ಲ, ರೂಮಿಗೂ ಅಲ್ಲ, ಜೊತೆಗೆ ಬರುವ ಊರಿನ ಮೀನುಗಾರನಿಗೆ.

ಮೊದಲು ರಾಡಿನ ಕಥೆ. ಅವರು ಕೊಡುವುದು ಒಂದರೊಳಗೊಂದು ಸೇರಿಕೊಳ್ಳುವ ಅಗ್ಗದ ಟೆಲಿಸ್ಕೋಪಿಕ್ ರಾಡ್. ತುದಿಯ ರಿಂಗ್ ಸವೆದಿತ್ತು, ರೀಲಿನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಡುವ ಬಿರಿ, ಕಚ್ಚಿಕೊಂಡಿತ್ತು. ಒಂದು ಒಳ್ಳೆ ಗೆಂಡೆ ಮೀನು ಸಿಕ್ಕಿ ಎಳೆದುಕೊಂಡು ಓಡಿದಾಗ ದಾರ ಬಿಡಲೇ ಇಲ್ಲ, ಪಟ್ ಅಂತ ಕಿತ್ತುಹೋಯಿತು. ಎಂಟು ಅಡಿಯ ಸ್ಪಿನ್ನಿಂಗ್ ರಾಡ್, 4000 ಸೈಜಿನ ರೀಲ್, 0.35 ಮಿ.ಮೀ. ದಾರ ಇದ್ದರೆ ಮನೆಯಿಂದಲೇ ತಗೊಂಡು ಹೋಗಿ. ಗಾಳ, ಸೀಸದ ಗುಂಡು ಎರಡೂ ಜಾಸ್ತಿ ಇರಲಿ, ನೀರಿನಡಿ ಮುಳುಗಿದ ಬೊಡ್ಡೆಗಳಿಗೆ ಸಿಕ್ಕಿಕೊಂಡು ಹೋಗುತ್ತಲೇ ಇರುತ್ತವೆ.

ಈಗ ಆ ಮೀನುಗಾರಣ್ಣನ ವಿಷಯ. ನಾವು ನೆರಳು ನೋಡಿ ಕೂತರೆ ಆತ ಬಂದು, "ಇಲ್ಲಿ ಬ್ಯಾಡ ಸಾರ್, ಗಾಳಿ ಆ ದಡಕ್ಕೆ ಬಡೀತೈತೆ, ಮೇವೂ ಅಲ್ಲೇ, ಮೀನೂ ಅಲ್ಲೇ" ಅಂತ ಎಬ್ಬಿಸಿಕೊಂಡು ಹೋದ. ಕಡ್ಲೆಹಿಂಡಿ, ತೌಡು, ರಾಗಿಹಿಟ್ಟು ಕಲಸಿ ಉಂಡೆ ಮಾಡಿ ಒಂದೇ ಜಾಗಕ್ಕೆ ಎಸೆದು, ಸುಮ್ನೆ ಬೀಡಿ ಹಚ್ಚಿದ. ನಮಗೋ ಆತುರ. ಗೆಂಡೆ ಜಾತಿಯಲ್ಲೇ ಕಾಟ್ಲಾ ಮೇಲ್ಗಡೆ ಮೇಯುತ್ತದೆ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ, ಹಾಗಾಗಿ ದಾರಕ್ಕೆ ತೇಲುವ ಬೆಂಡನ್ನು ಗಾಳದಿಂದ ಎಷ್ಟು ಮೇಲೆ ಕಟ್ಟಬೇಕು ಅನ್ನುವುದರ ಮೇಲೇ ಅರ್ಧ ಆಟ ನಿಂತಿದೆ ಅಂತ ಆತ ಕೈಯಲ್ಲೇ ಅಳತೆ ತೋರಿಸಿ ಹೇಳಿಕೊಟ್ಟ. ಎರೆಹುಳು ಹಾಕಿದವರಿಗೆ ಬರೀ ಜಿಲೇಬಿ ಮೀನು (ತಿಲಾಪಿಯಾ). ಮಕ್ಕಳಿದ್ದರೆ ಅದೇ ಸಾಕು, ಖುಷಿಯಾಗುತ್ತಾರೆ.

ಇವರ ಜಾಹೀರಾತಿನಲ್ಲಿ ಮಹಶೀರ್ ಫೋಟೋ ಇದೆ. ಅದು ಮಾತ್ರ ಶುದ್ಧ ಬುರುಡೆ. ಮಹಶೀರ್ ಹರಿಯುವ ನೀರಿನ ಮೀನು. ಕಾವೇರಿ ಕೊಳ್ಳದ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2018ರಲ್ಲೇ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ, ಅಂಥದ್ದನ್ನು ತೋರಿಸಿ ಗಿರಾಕಿ ಕರೆಯುವುದು ಸರಿನಾ?

ಯಾವಾಗ ಹೋಗಬೇಕು ಅಂದರೆ, ಜಲಾಶಯದ ಮಟ್ಟ ನೋಡಿ. ಗರಿಷ್ಠ ಸಮುದ್ರಮಟ್ಟದಿಂದ 2922 ಅಡಿ, ಪೇಪರಿನಲ್ಲಿ ದಿನಾ ಬರುತ್ತದೆ. ಮಳೆಗಾಲದಲ್ಲಿ ತುಂಬಿದಾಗ ಹಿನ್ನೀರಿನ ದಡದ ಪಾಳುಬಿದ್ದ ಶೆಟ್ಟಿಹಳ್ಳಿ ಚರ್ಚ್ ಅರ್ಧ ನೀರಲ್ಲಿರುತ್ತದೆ, ಫೋಟೋಗೆ ಚೆಂದ, ಗಾಳಕ್ಕೆ ಅಲ್ಲ. ಆ ನೀರಿನಲ್ಲಿ ಮೀನು ಎಲ್ಲೆಂದರಲ್ಲಿ ಚೆದುರಿರುತ್ತವೆ, ಮೇಲಾಗಿ ಮಳೆ ಶುರುವಾಗುವ ಹೊತ್ತು ಮೊಟ್ಟೆ ಇಡುವ ಕಾಲ. ಜನವರಿಯಿಂದ ಈಚೆಗೆ ನೀರು ಇಳಿದಂತೆ ನಡೆದುಹೋಗಲು ದಡ ಸಿಗುತ್ತದೆ. ಬೆಳಗಿನ ಜಾವ ಇಲ್ಲವೇ ಸಂಜೆ, ಮಧ್ಯಾಹ್ನ ಉಂಡು ಮಲಗಿ.

ಊಟ ಅಂದರೆ ಊಟ. ಮುದ್ದೆ, ಹುಣಸೆಹುಳಿ ಹಾಕಿದ ಮೀನು ಸಾರು, ಎರಡನೇ ಸಲ ಕೇಳದೆಯೇ ಬಡಿಸಿದರು. ರೂಮು ಪರವಾಗಿಲ್ಲ, ಸೊಳ್ಳೆ ಜಾಸ್ತಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ತೆಪ್ಪ ಹತ್ತಿಸುವಾಗ. ಲೈಫ್ ಜಾಕೆಟ್ ಇಲ್ಲ. ಕೇಳಿದರೆ "ಆಳ ಇಲ್ಲ ಸರ್" ಅಂದರು. ನಾನು ಹತ್ತಲಿಲ್ಲ, ದಡದಲ್ಲೇ ಕೂತೆ. ಇನ್ನೊಂದು, ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಅಥವಾ ಗುತ್ತಿಗೆ ಪಡೆದವರು ಇರುತ್ತಾರೆ, ಅವರ ಒಪ್ಪಿಗೆ ಇಲ್ಲದೆ ಗಾಳ ಹಾಕಿದರೆ ಜಗಳ ನಿಮ್ಮ ಮೇಲೆ ಬರುತ್ತದೆ. ಇಂಥ ಪ್ಯಾಕೇಜ್ ಯಾರ ಹತ್ತಿರ ಬುಕ್ ಮಾಡಿದರೂ ಇವೆರಡನ್ನೂ ಫೋನಿನಲ್ಲೇ ಕೇಳಿ. "ಅದೆಲ್ಲ ನೋಡ್ಕೊಳ್ತೀವಿ ಬನ್ನಿ ಸರ್" ಅಂದರೆ ಅಡ್ವಾನ್ಸ್ ಕಳಿಸಬೇಡಿ.