ಹಳಿ ಪಕ್ಕದ ಕ್ಯಾಮೆರಾ: ಎರಡು ಮಳೆಗಾಲ ಆದ್ಮೇಲೆ

ವ್ಯಾಗನ್ ಚೆಕ್ ಮಾಡೋ ಕೆಲ್ಸ ನಂದು, ಮನೆ ಕಾರವಾರ ಹತ್ರ ಶಿರವಾಡ, ಯಾವ ಯಾರ್ಡು ಯಾವ ಕಂಪ್ನಿ ಅಂತೆಲ್ಲ ಕೇಳ್ಬೇಡಿ. ಗೂಡ್ಸ್ ಒಳಗೆ ಬರ್ತಿದ್ದಂಗೇ ಚಕ್ರ, ಬ್ರೇಕು, ನೇತಾಡೋ ಪಾರ್ಟು ಎಲ್ಲದರ ಫೋಟೋ ಹೊಡೆದು, ಆಕ್ಸಲ್ ಬಾಕ್ಸ್ (ಆಕ್ಸಲ್ ತುದೀಲಿ ಬೇರಿಂಗ್ ಕೂರೋ ಡಬ್ಬಿ) ಬಿಸಿ ಅಳೆದು ಅಲಾರಾಂ ಕೊಡೋ ಸಿಸ್ಟಮ್ ಇದು. ಮಿಕ್ಕಿದ್ದು ಬ್ರೋಶರಲ್ಲಿದೆ. ನಾನು ಹೇಳೋದು ಜೇಡದ ಕತೆ.

ಹೌದು ಮಾರಾಯ್ರೆ, ಜೇಡ. ರಾತ್ರಿ ಲೈಟಿಗೆ ಹುಳ ಬರ್ತವೆ, ಹುಳದ ಹಿಂದೆ ಜೇಡ ಬರ್ತದೆ, ಸರಿಯಾಗಿ ಲೆನ್ಸ್ ಮುಂದೇನೇ ಬಲೆ ಕಟ್ತದೆ, ಒಂದು ಎಳೆ ಗಾಳಿಗೆ ಅಲ್ಲಾಡಿದ್ರೂ ಸಾಕು ಪಾರ್ಟ್ ನೇತಾಡ್ತಿದೆ ಅಂತ ಅಲಾರಾಂ, ನಾನು ರೇನ್‌ಕೋಟ್ ಹಾಕ್ಕೊಂಡು ಟಾರ್ಚ್ ಹಿಡ್ಕೊಂಡು 38ನೇ ವ್ಯಾಗನ್ ತನಕ ನಡ್ಕೊಂಡು ಹೋದ್ರೆ ಅಲ್ಲಿ ಎಂತದೂ ಇಲ್ಲ.

ಅದಕ್ಕೆ ಡ್ಯೂಟಿ ಹತ್ತಿದ ಕೂಡ್ಲೇ ಹಿಡಿಸೂಡಿಯಲ್ಲಿ ಬಲೆ ತೆಗೀತೆ. ಆಮೇಲೆ ಹಳೇ ಪಂಚೆ ತುಂಡು ಸಿಹಿನೀರಲ್ಲಿ ಅದ್ದಿ ಗಾಜು ಒರೆಸ್ತೆ, ಸಮುದ್ರದ ಗಾಳಿಗೆ ಉಪ್ಪು ಕೂತಿರ್ತದೆ, ಒಣಬಟ್ಟೇಲಿ ತಿಕ್ಕಿದ್ರೆ ಗಾಜಿಗೆ ಗೀರು. ಕೊನೆಗೆ ಒಣ ತುಂಡು, ಆಮೇಲೇ ಚಾ. ಕಂಪ್ನಿಯವ್ರನ್ನ ಕೇಳಿದ್ರೆ ಗಾಜು ಒರೆಸೋದು ಎಎಂಸಿಯಲ್ಲಿ (ವರ್ಷದ ಮೇಂಟೆನೆನ್ಸ್ ಕರಾರು) ಬರೂದಿಲ್ವಂತೆ.

ಹೋದ ಮಳೆಗಾಲದವರೆಗೂ ಒಂದು ಸ್ಟಾರ್ ಕೊಡ್ತಿದ್ದೆ. ಮುಂಚೆ ನಾವು ಗಾಡಿ ನಿಂತ್ಮೇಲೆ ಕೈ ಹಿಂಬದಿ ತಾಗಿಸಿ ಬಾಕ್ಸ್ ಬಿಸಿ ನೋಡ್ತಿದ್ವಿ, ಜೋರು ಮಳೇಲಿ ಉದ್ದದ ಗೂಡ್ಸಿನ ಕೊನೆ ತಲುಪೋದ್ರೊಳಗೆ ಎಂತ ತಿಳೀತದೆ? ಇದು ಓಡ್ತಿರುವಾಗ್ಲೇ ಒಂದೇ ಆಕ್ಸಲ್ಲಿನ ಎಡ ಬಲ ಹೋಲಿಸ್ತದೆ. ಸೆಪ್ಟೆಂಬರಲ್ಲಿ ಒಂದು ರಾತ್ರಿ ಒಂದು ಬದಿ ಮಾತ್ರ ಕೆಂಪು ತೋರಿಸ್ತು, ಮತ್ತೆ ಜೇಡನೇ ಅಂತ ಬೈಕೊಳ್ತಾ ಹೋದೆ, ನೋಡಿದ್ರೆ ಬೇರಿಂಗ್ ಸೀಲಿಂದ ಗ್ರೀಸ್ ಹೊರಗೆ ಬಂದು ಸುಟ್ಟ ವಾಸ್ನೆ. ವ್ಯಾಗನ್ ಗಾಡಿಯಿಂದ ಬಿಡಿಸಿ ಸಿಕ್ ಲೈನಿಗೆ, ಅಂದ್ರೆ ರಿಪೇರಿ ಹಳಿಗೆ, ಹಾಕಿದ್ವಿ. ಬೇರಿಂಗ್ ಜಾಮ್ ಆಗಿ ಆಕ್ಸಲ್ ತುಂಡಾದ್ರೆ ಗಾಡಿ ಹಳಿ ಬಿಟ್ಟಂಗೇ. ಆ ರಾತ್ರಿ ನಂಗೆ ಚಾ ಇಳೀಲಿಲ್ಲ.

ಆದ್ರೆ ಚಕ್ರ ಸವೆದು ಚಪ್ಪಟೆ ಆದ್ರೆ ಇದಕ್ಕೆ ಗೊತ್ತಾಗೂದಿಲ್ಲ. ಅದಕ್ಕೆ ಹಳಿಗೇ ಸೆನ್ಸರ್ ಕೂರಿಸಿ ಪೆಟ್ಟು ಅಳೆಯೋ ಬೇರೆ ಮಷಿನ್ ಬೇಕು, ನಮ್ಮಲ್ಲಿಲ್ಲ. ಟಪ್ ಟಪ್ ಕೇಳಿದ್ರೆ ನಾನೇ ಸ್ಕೇಲ್ ಹಿಡ್ಕೊಂಡು ಬಗ್ತೆ, ಚಪ್ಪಟೆ ಆದ ಜಾಗದ ಉದ್ದ ಗೂಡ್ಸಿಗೆ 60 ಮಿ.ಮೀ. ದಾಟಬಾರ್ದು.

ಈಗ ಮೂರು ಸ್ಟಾರ್. ಒಂದು ವೈಪರ್ ಕೊಟ್ರೆ ನಾಲ್ಕು. ಪಂಚೆ ಈಗಾಗ್ಲೇ ಎರಡು ಮುಗ್ದಿದೆ, ಮೂರನೇದಕ್ಕೆ ಮನೇಲಿ ಬಿಡ್ತಿಲ್ಲ.