ಲಿಚೆಸ್ ವಿಮರ್ಶೆ: ಎಂಜಿನ್ ನಡೆಗಳನ್ನು ಉರು ಹೊಡೆದರೆ ಚೆಸ್ ಸುಧಾರಿಸುತ್ತಾ?

ಬೆಂಗಳೂರಿನಲ್ಲಿ ಬನಶಂಕರಿಯಿಂದ ಪೀಣ್ಯಕ್ಕೆ ಹಸಿರು ಮೆಟ್ರೋದಲ್ಲಿ ಹೋಗಿಬರುವ ಹೊತ್ತೆಲ್ಲ ನನಗೆ ಆನ್‌ಲೈನ್ ಚೆಸ್ ತಾಣ ಲಿಚೆಸ್‌ಗೇ ಮೀಸಲು. ಸೀಟು ಸಿಗದಿದ್ದರೂ ಪರವಾಗಿಲ್ಲ, ಒಂದು ಕೈಯಲ್ಲಿ ಫೋನ್ ಹಿಡಿದರೆ ಸಾಕು. ನನ್ನದು ಕ್ಲಬ್ ಮಟ್ಟದ ಆಟ. ಭಾನುವಾರದ ರ‍್ಯಾಪಿಡ್ ಟೂರ್ನಿಗಳಿಗೆ ಅಣ್ಣನ ಮಗನನ್ನೂ ಕರೆದುಕೊಂಡು ಹೋಗುತ್ತೇನೆ. ಹಾಲ್ ಹೊರಗೆ ಕಾಯುವ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವುದು ಒಂದೇ ಮಾತು: ಕಂಪ್ಯೂಟರ್ ತೋರಿಸುವ ನಡೆಗಳನ್ನು ಮಗುವಿಗೆ ಬಾಯಿಪಾಠ ಮಾಡಿಸಿದರೆ ರೇಟಿಂಗ್ (ಆಟದ ಬಲ ತೋರಿಸುವ ಅಂಕ) ಏರುತ್ತಾ? ಹಾಗಾಗಿ ಆ ಪ್ರಶ್ನೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಲಿಚೆಸ್ ಶುರುವಾಗಿದ್ದು 2010ರಲ್ಲಿ, ಫ್ರಾನ್ಸ್‌ನಲ್ಲಿ. ಪೂರ್ತಿ ಉಚಿತ, ಜಾಹೀರಾತಿಲ್ಲ, ಬಳಸುವವರ ದೇಣಿಗೆಯಿಂದ ನಡೆಯುತ್ತದೆ. ಒಳಗೆ ಕೂತಿರುವ ಎಂಜಿನ್, ಅಂದರೆ ಒಳ್ಳೆ ನಡೆ ಲೆಕ್ಕ ಹಾಕುವ ಪ್ರೋಗ್ರಾಂ, ಸ್ಟಾಕ್‌ಫಿಶ್, ಅದೂ ಉಚಿತ. 1997ರಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಲು ಐಬಿಎಂಗೆ ಡೀಪ್ ಬ್ಲೂ ಎಂಬ ದೊಡ್ಡ ಯಂತ್ರವೇ ಬೇಕಾಯಿತು. ಇವತ್ತು ಅದಕ್ಕಿಂತ ಬಲವಾದ ಆಟ ನಮ್ಮ ಜೇಬಿನಲ್ಲಿದೆ. ಹನುಮಂತನಗರದ ಹುಡುಗನಿಗೂ ಗ್ರ್ಯಾಂಡ್‌ಮಾಸ್ಟರಿಗೂ ಸಿಗುವುದು ಒಂದೇ ಎಂಜಿನ್. ಇದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಈಗ ಉರು ಹೊಡೆಯುವ ಮಾತಿಗೆ ಬರೋಣ. ಅಣ್ಣ ಮಗನಿಗೆ ದುಡ್ಡು ಕೊಟ್ಟು ಒಂದು ಓಪನಿಂಗ್ (ಆಟದ ಆರಂಭದ ನಡೆಗಳ) ಕೋರ್ಸ್ ಕೊಡಿಸಿದ್ದ, ಎಲ್ಲಿಯದು ಅಂತ ಬೇಡ. ಎಂಜಿನ್‌ನ ಮೊದಲ ಆಯ್ಕೆಯ ನಡೆಗಳನ್ನು ದಿನಾ ಒಪ್ಪಿಸಬೇಕು, ತಪ್ಪಿದರೆ ಮತ್ತೆ ಬರುತ್ತದೆ. ಹುಡುಗ ಚುರುಕು, ಗಟ್ಟಿಯಾಗಿ ಕಲಿತ. ಬಸವನಗುಡಿಯಲ್ಲಿ ಒಂದು ಪಂದ್ಯ. ಎದುರಾಳಿ ಬಿಳಿ, ಒಂಟೆ (ಬಿಷಪ್) ಸಿ4 ಮನೆಯಲ್ಲಿ, ಕುದುರೆ ಜಿ5ಕ್ಕೆ ನೆಗೆದು ಎಫ್7 ಮೇಲೆ ಕಣ್ಣಿಟ್ಟಿದೆ. ನಮ್ಮವನು ಡಿ5 ಆಡಿದ, ಅವಳು ಆ ಪಾನ್ (ಪದಾತಿ) ಹೊಡೆದಳು, ನಮ್ಮವನು ಟಕ್ಕನೆ ಕುದುರೆಯನ್ನು ಎ5ಕ್ಕೆ ತಂದ. ಎಲ್ಲ ಸರಿ. ಪಾಠದ ಪ್ರಕಾರ ಮುಂದೆ ಒಂಟೆ ಬಿ5ಕ್ಕೆ ಬಂದು ಚೆಕ್ ಕೊಡಬೇಕು. ಎದುರಿನ ಹುಡುಗಿ ಡಿ3 ಆಡಿ ಒಂಟೆಗೆ ಸುಮ್ನೆ ಕಾವಲು ಕೊಟ್ಟಳು. ಇವನು ಅಲ್ಲೇ ನಿಂತುಬಿಟ್ಟ, ಗಡಿಯಾರ ಓಡುತ್ತಿತ್ತು. ಹೊರಗೆ ಬಂದವನು ಹೇಳಿದ್ದು: "ಅತ್ತೆ, ಅದು ಕೋರ್ಸಲ್ಲಿ ಇರ್ಲೇ ಇಲ್ಲ."

ಡಿ3 ಹೊಸದೇನೂ ಅಲ್ಲ, ಹತ್ತೊಂಬತ್ತನೇ ಶತಮಾನದಲ್ಲೇ ಅಮೆರಿಕದ ದಿಗ್ಗಜ ಮಾರ್ಫಿ ಆಡಿದ ದಾರಿ. ಎಚ್6 ಆಡಿ ಜಿ5ರ ಕುದುರೆಯನ್ನು ಅಟ್ಟಬಹುದು, ಅದು ಎಫ್3ಕ್ಕೆ ಹಿಂದೆ ಹೋದರೆ ಇ4 ತಳ್ಳಿ ಮತ್ತೆ ಅಟ್ಟಬಹುದು, ಆಮೇಲೆ ಎ5ರ ಕುದುರೆಯಿಂದ ಆ ಒಂಟೆಯನ್ನೇ ಹೊಡೆದುಕೊಳ್ಳಬಹುದು. ಕುದುರೆ ಎ5ಕ್ಕೆ ಬಂದಿದ್ದೇ ಒಂಟೆಯನ್ನು ಹಿಡಿಯಲು, ಅಲ್ವಾ? ಆ ಒಂದು ಕಾರಣ ಗೊತ್ತಿದ್ದರೆ ಅವನೇ ಯೋಚಿಸಿ ಆಡುತ್ತಿದ್ದ. ಕೋರ್ಸ್ ಅವನಿಗೆ ನಡೆಯನ್ನು ಕೊಟ್ಟಿತು, ಕಾರಣವನ್ನು ಕೊಡಲಿಲ್ಲ.

ಲೆಕ್ಕವನ್ನೂ ನೋಡಿ. ಬಿಳಿಗೆ ಮೊದಲ ನಡೆಗೆ 20 ಆಯ್ಕೆ. ಇಬ್ಬರೂ ಒಂದೊಂದು ನಡೆ ಆಡಿದರೆ 400 ದಾರಿ. ಎರಡೆರಡು ಆಡಿದರೆ 1,97,281. ನಮ್ಮ ಮಟ್ಟದ ಎದುರಾಳಿ ಎಂಜಿನ್‌ನ ದಾರಿಯಲ್ಲೇ ಉಳಿಯುವುದಿಲ್ಲ. ಬೇಗನೆ ಪಕ್ಕಕ್ಕೆ ತಿರುಗುತ್ತಾನೆ. ಆಮೇಲೆ ಉಳಿಯುವುದು ನಮ್ಮ ತಲೆ ಮಾತ್ರ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮೈಕ್ರೋಮೀಟರ್ ಇಟ್ಟರೆ ಪೀಸ್ ಎಷ್ಟು ತಪ್ಪಿದೆ ಅಂತ ಗೊತ್ತಾಗುತ್ತದೆ, ಲೇತ್‌ನಲ್ಲಿ ಏನು ಹಾಳಾಗಿದೆ ಅನ್ನೋದನ್ನು ನಾವೇ ಹುಡುಕಬೇಕು. ಸ್ಟಾಕ್‌ಫಿಶ್ ತೋರಿಸುವ +0.4, -1.7 (ಪ್ಲಸ್ ಅಂದರೆ ಬಿಳಿ ಮುಂದೆ, ಮೈನಸ್ ಅಂದರೆ ಕಪ್ಪು ಮುಂದೆ) ಅಂಥದ್ದೇ ರೀಡಿಂಗ್. ಇನ್ನೊಂದು ಅಪಾಯ, 0.00 ಅಂತ ಕಂಡರೆ ಆಟ ಸಮ ಅಂತ ನಂಬಿ ಕೂರುವುದು. ಎಷ್ಟೋ ಸಲ ಆ ಸೊನ್ನೆ ಉಳಿಯಲು ಸಾಲಾಗಿ ಒಂದೊಂದೇ ಸರಿಯಾದ ನಡೆ ಇರುತ್ತದೆ. ಎಂಜಿನ್ ಅವನ್ನೆಲ್ಲ ಹುಡುಕುತ್ತದೆ, ಮಗು ಹುಡುಕುವುದಿಲ್ಲ.

ಲಿಚೆಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ನಿಮ್ಮ ತಪ್ಪುಗಳಿಂದ ಕಲಿಯಿರಿ' ಎಂಬ ಅರ್ಥದ ಬಟನ್. ಆಟ ಮುಗಿದ ಮೇಲೆ ಕಂಪ್ಯೂಟರ್ ವಿಶ್ಲೇಷಣೆ ಕೇಳಿ, ಅದನ್ನು ಒತ್ತಿ. ನೀವು ಎಡವಿದ ಜಾಗಕ್ಕೇ ಬೋರ್ಡ್ ಹೋಗಿ ನಿಲ್ಲುತ್ತದೆ. ಸರಿ ನಡೆಯನ್ನು ಮುಚ್ಚಿಟ್ಟು, ನೀವೇ ಹುಡುಕಿ ಅನ್ನುತ್ತದೆ. ಎಂಜಿನ್‌ನ ಮೊದಲ ಆಯ್ಕೆಯನ್ನೇ ಆಡಬೇಕೆಂದಿಲ್ಲ, ಅದಕ್ಕೆ ಹತ್ತಿರದ ಒಳ್ಳೆ ನಡೆಯನ್ನೂ ಒಪ್ಪುತ್ತದೆ. ಎಂಜಿನ್ ಬಳಸಿ ಕಲಿಯಲು ಇದಕ್ಕಿಂತ ಒಳ್ಳೆ ದಾರಿ ನಾನು ನೋಡಿಲ್ಲ.

ಎರಡನೆಯದು ಓಪನಿಂಗ್ ಎಕ್ಸ್‌ಪ್ಲೋರರ್. ಮಾಸ್ಟರ್‌ಗಳ ಪಂದ್ಯ ಬಿಟ್ಟು ಲಿಚೆಸ್ ಆಟಗಾರರ ಪಂದ್ಯ ಆರಿಸಿ, ನಿಮ್ಮ ರೇಟಿಂಗ್ ಹಾಕಿ. ಆ ಮಟ್ಟದಲ್ಲಿ ಜನ ನಿಜವಾಗಿ ಯಾವ ನಡೆ ಆಡುತ್ತಾರೆ, ಯಾರು ಜಾಸ್ತಿ ಗೆಲ್ಲುತ್ತಾರೆ, ಎಲ್ಲ ಕಾಣುತ್ತದೆ.

ಹಾಗಂತ ಏನನ್ನೂ ನೆನಪಿಡಬೇಡಿ ಅಂತಲ್ಲ. ಆ ಎ5 ನಡೆಯನ್ನೇ ನೋಡಿ. ಅದರ ಬದಲು ಡಿ5ರ ಪಾನನ್ನು ಕುದುರೆಯಿಂದ ಹೊಡೆದರೆ ಬಿಳಿ ಕುದುರೆ ಎಫ್7ಕ್ಕೆ ಬಲಿಯಾಗಿ, ಕಪ್ಪು ರಾಜನನ್ನು ಬೋರ್ಡಿನ ನಡುವಿಗೆ ಎಳೆದು ತರುತ್ತದೆ. ಇಂಥವು ಬಾಯಲ್ಲಿರಲೇಬೇಕು. ಆಟದ ಕೊನೆಯಲ್ಲಿ ಬರುವ ಆನೆ-ಪಾನ್ ಎಂಡ್‌ಗೇಮ್‌ಗಳೂ ಅಷ್ಟೇ. ದೊಡ್ಡ ಆಟಗಾರರು ಇನ್ನೂ ಎಷ್ಟೋ ಆಳದವರೆಗೆ ನೆನಪಿಡುತ್ತಾರೆ, ನಿಜ. ಆದರೆ ಅವರಿಗೆ ಅದು ಅರ್ಥದ ಮೇಲೆ ಕೂತ ನೆನಪು. 1973ರಲ್ಲಿ ಸಂಶೋಧಕರಾದ ಚೇಸ್ ಮತ್ತು ಸೈಮನ್ ಇದನ್ನು ಪರೀಕ್ಷಿಸಿದ್ದರು. ನಿಜವಾದ ಪಂದ್ಯದ ಕಾಯಿಗಳನ್ನು ಕೆಲವೇ ಕ್ಷಣ ತೋರಿಸಿದರೆ ಮಾಸ್ಟರ್ ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾಗಿ ಜೋಡಿಸುತ್ತಾನೆ. ಕಾಯಿಗಳನ್ನು ಹೇಗೆಂದರೆ ಹಾಗೆ ಚೆಲ್ಲಿದರೆ ಆ ಮೇಲುಗೈ ಬಹುತೇಕ ಹೊರಟುಹೋಗುತ್ತದೆ. ಭಾರತದ ಗುಕೇಶ್ 2024ರಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದರು. ಚಿಕ್ಕ ವಯಸ್ಸಿನಲ್ಲಿ, ಕೋಚ್ ವಿಷ್ಣು ಪ್ರಸನ್ನ ಜೊತೆ, ಅವರು ಎಂಜಿನ್ ಇಲ್ಲದೆಯೇ ಅಭ್ಯಾಸ ಮಾಡಿದವರು. ಮಕ್ಕಳ ಕೈಗೆ ಎಂಜಿನ್ ಕೊಡಲು ಅವಸರಪಡುವವರು ಇದನ್ನು ದಯವಿಟ್ಟು ಗಮನಿಸಿ.

ಅಣ್ಣನ ಮಗ ಈಗ ಲಿಚೆಸ್‌ನ ಸ್ಟಡಿ ವಿಭಾಗದಲ್ಲಿ ತನ್ನದೇ ಓಪನಿಂಗ್ ಫೈಲ್ ಮಾಡುತ್ತಿದ್ದಾನೆ. ಪ್ರತಿ ನಡೆಯ ಕೆಳಗೆ 'ಯಾಕೆ' ಅಂತ ಕನ್ನಡದಲ್ಲಿ ಒಂದು ಸಾಲು ಬರೆಯಬೇಕು, ಬರೆಯಲು ಆಗದ ನಡೆ ಫೈಲಿಗೆ ಸೇರುವಂತಿಲ್ಲ. ಇದಕ್ಕೆ ಫೋನ್‌ಗಿಂತ ಲ್ಯಾಪ್‌ಟಾಪ್ ವಾಸಿ, ಟೈಪಿಂಗ್ ಸುಲಭ. ವಿಶ್ಲೇಷಣೆ ಬೋರ್ಡ್‌ನಲ್ಲಿ ಎಂಜಿನ್ ಸ್ವಿಚ್ ಇರುತ್ತದೆ, ಮೊದಲು ಅದನ್ನು ಆಫ್ ಮಾಡಿ ಇಬ್ಬರೂ ಕೂತು ಆಟ ನೋಡಿ, ನಂತರ ಆನ್ ಮಾಡಿ. ಐದಕ್ಕೆ ಐದು ಅಂಕ ಕೊಡುತ್ತೇನೆ. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಲಿಚೆಸ್‌ಗೆ ಒಂದಿಷ್ಟು ದೇಣಿಗೆ ಕೊಡಿ.